ದೀಪ ಹೊತ್ತವರ ಮಕ್ಕಳು ದೀಪ ಮಾಡೋದನ್ನ ಕಲೀಬೇಕು

ಪೋಸ್ಟ್ ಉದ್ದ ಐತಿ, ಪುರಸೊತ್ತು ಮಾಡ್ಕೊಂಡು ಓದ್ರಿ.

ಏಪ್ರಿಲ್ 14 ಹತ್ತಿರ ಬಂತು. ಐರಣಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಖರ್ಚಿನ ಪಟ್ಟಿ ಓಡಾಡಾಕ ಹತ್ಯಾವು. ಡಿಜೆ ಯಾರದು, ಫ್ಲೆಕ್ಸ್ ಎಷ್ಟು ಅಡಿ, ಸೀರಿಯಲ್ ಸೆಟ್ ಎಲ್ಲಿಂದ ಎಲ್ಲಿತನಕ, ಊಟಕ್ಕೆ ಏನು. ಅಂಥ ಒಂದು ಪಟ್ಟಿಯ ಕೊನೆಗೆ ನಾನೂ ಒಂದು ಸಾಲು ಸೇರಿಸಿದೆ: ಕೇರಿಯ ಮಕ್ಕಳಿಗೆ ಶೆಲ್ಲಿನ ದೀಪ ಮಾಡೋದನ್ನು ಕಲಿಸುವ ಅರ್ಧ ದಿನದ ಶಿಬಿರ, 30 ಮಕ್ಕಳು, ಖರ್ಚು 2,500 ರೂಪಾಯಿ. ಅದರ ಮೇಲಿನ ಸಾಲಿನಲ್ಲಿ ಡಿಜೆಗೆ ಬರೆದದ್ದು 35 ಸಾವಿರ. ಅದಕ್ಕೆ ಯಾರೂ ಏನೂ ಅನ್ನಲಿಲ್ಲ. ನನ್ನ ಸಾಲಿಗೆ ಮೂರು ನಗೋ ಮುಖ ಬಂದವು.

ನಕ್ಕವರನ್ನ ಬಿಡೋಣ. ಒಬ್ಬ ತಮ್ಮ ಮಾತ್ರ ಗಂಭೀರವಾಗಿ ಕೇಳಿದ. "ಅಣ್ಣಾ, ಸರ್ಕಾರದ ಕಾಲರ್ ಹಿಡಿದು ಕರೆಂಟ್ ಕೇಳಬೇಕಾದ ನಾವು ಮಕ್ಕಳ ಕೈಗೆ ಶೆಲ್ಲು ಕೊಟ್ಟು ಕುಂದ್ರಿಸೋದು ಅಂದ್ರ ಏನರ್ಥ? ನೀವೇ ದೀಪ ಮಾಡ್ಕೊಳ್ರಿ ಅಂತ ಅವರೂ ಹೇಳ್ತಾರ, ನಾವೂ ಹೇಳೋಣೇನು?" ಪ್ರಶ್ನೆ ಸರಿಯಾಗೈತಿ. ಗುಂಪಿನಲ್ಲಿ ಎರಡು ಸಾಲಿನಾಗ ಉತ್ತರ ಕೊಟ್ಟರೆ ಅವನಿಗೆ ಅವಮಾನ ಮಾಡಿದಂಗ. ಅದಕ್ಕೆ ಇಲ್ಲಿ ಬರೀತೀನಿ.

ಮೊದಲು ಆ ದೀಪ ಏನು ಅಂತ ಹೇಳ್ತೀನಿ. ನಮ್ಮ ಕಡೆ ಬ್ಯಾಟರಿ ಅಂದ್ರ ಟಾರ್ಚು, ಅದರೊಳಗೆ ಹಾಕೋದು ಶೆಲ್ಲು. ಗೋಡೆ ಗಡಿಯಾರಕ್ಕೆ ಹಾಕ್ತೀವಲ್ಲ, ಆ ಪೆನ್ಸಿಲ್ ಶೆಲ್ಲು ಮೂರು ಬೇಕು. ಒಂದೊಂದು ಒಂದೂವರೆ ವೋಲ್ಟು, ಒಂದರ ಹಿಂದೆ ಒಂದು ಜೋಡಿಸಿದರೆ ನಾಲ್ಕೂವರೆ. ಬಿಳಿ ಬೆಳಕಿನ ಸಣ್ಣ ಎಲ್‌ಇಡಿ ಒಂದು, ಎಲೆಕ್ಟ್ರಾನಿಕ್ಸ್ ರಿಪೇರಿ ಸಾಮಾನು ಮಾರೋ ಅಂಗಡಿಯಾಗ ಎರಡು ಮೂರು ರೂಪಾಯಿಗೆ ಸಿಗತೈತಿ. 100 ಓಮಿನ ರೆಸಿಸ್ಟರ್ ಒಂದು, ಅದರ ಮೈಮೇಲೆ ಕಂದು, ಕಪ್ಪು, ಕಂದು ಪಟ್ಟಿ ಇರ್ತಾವು. ಒಂದು ಸಣ್ಣ ಸ್ವಿಚ್ಚು, ಎರಡು ಗೇಣು ವೈರು. ಶೆಲ್ಲು ಕೂರಿಸಾಕ ಪ್ಲಾಸ್ಟಿಕ್ ಹೋಲ್ಡರ್ ಸಿಗತಾವು, ಇಲ್ಲಾಂದ್ರ ವೈರಿಂಗ್‌ನವರು ಉಳಿಸಿ ಹೋದ ಪೈಪಿನ ತುಂಡು, ಹಳೇ ಬ್ಯಾಟರಿಯ ಸ್ಪ್ರಿಂಗು ಸಾಕು. ಎಲ್ಲಾ ಸೇರಿ 60 ರೂಪಾಯಿ ದಾಟೋದಿಲ್ಲ.

ರೆಸಿಸ್ಟರ್ ಯಾಕ ಬೇಕು ಅನ್ನೋದನ್ನ ಮಕ್ಕಳಿಗೆ ಹೇಳೋದು ಬಾಳ ಸುಲಭ, ಯಾಕಂದ್ರ ನಮ್ಮ ಮಕ್ಕಳು ಹೊಲಕ್ಕ ನೀರು ಹಾಯಿಸಿದವರು. ರೆಸಿಸ್ಟರ್ ಅಂದ್ರ ಕಾಲುವಿಗೆ ಇಟ್ಟ ತೂಬು. ಬಿಳಿ ಎಲ್‌ಇಡಿಗೆ ಸುಮಾರು ಮೂರು ವೋಲ್ಟು ದಾಟಿದ ಮೇಲೇ ಬೆಳಕು ಹುಟ್ಟೋದು. ಆದರೆ ಒಮ್ಮೆ ಬಾಗಿಲು ತೆರೀತು ಅಂದ್ರ ಅದು ತಾನಾಗಿ ಸಾಕು ಅನ್ನೋದಿಲ್ಲ, ಬಂದಷ್ಟನ್ನೂ ಒಳಗ ಬಿಟ್ಕೊಂಡು ಸುಟ್ಟು ಹೋಗತೈತಿ. ನಾಲ್ಕೂವರೆಯಲ್ಲಿ ಮೂರು ಚಿಲ್ಲರೆ ಎಲ್‌ಇಡಿ ಇಟ್ಕೊಂಡರೆ ಉಳಿದ ಒಂದು ಚಿಲ್ಲರೆ ವೋಲ್ಟನ್ನು ಆ 100 ಓಮಿನ ತೂಬು ತಡೀತೈತಿ. ಆಗ ಹರಿಯೋದು 13 ಮಿಲಿ ಆಂಪಿಯರ್ ಆಸುಪಾಸು. ಸಾದಾ ಶೆಲ್ಲು ಹಾಕಿದರೂ ಮೂವತ್ತು ತಾಸಿನ ಮೇಲೆ ಉರೀತೈತಿ. ದಿನಾ ಎರಡು ತಾಸು ಓದಿದರೆ ಎರಡು ವಾರ. ಇನ್ನೂ ಬೆಳಕು ಬೇಕಾದರೆ ಇನ್ನೊಂದೆರಡು ಎಲ್‌ಇಡಿ ಪಕ್ಕಕ್ಕೆ ಸೇರಿಸ್ರಿ, ಆದರೆ ಒಂದೊಂದಕ್ಕೂ ಅದರದೇ ರೆಸಿಸ್ಟರ್ ಇರಬೇಕು. ಒಂದೇ ತೂಬಿನಿಂದ ಮೂರು ಹೊಲಕ್ಕ ಬಿಟ್ಟರೆ ಇಳಿಜಾರಿನ ಹೊಲಾನೇ ಎಲ್ಲಾ ಕುಡೀತೈತಿ, ಗೊತ್ತಲ್ಲ.

ಎಲ್‌ಇಡಿಯ ಬೆಳಕು ಒಂದೇ ಕಡೆ ಚುಚ್ಚತೈತಿ. ಅದರ ಮುಂದೆ ಔಷಧಿ ಬಾಟಲಿಯ ಬಿಳಿ ಪ್ಲಾಸ್ಟಿಕ್ ಮುಚ್ಚಳ ಇಟ್ಟರೆ ಪುಸ್ತಕದ ಎರಡೂ ಪುಟದ ಮೇಲೆ ಹರಡತೈತಿ. ಇಷ್ಟೇ ದೀಪ. ಹಿಡಿಯೋ ಬ್ಯಾಟರಿ ಅಂಗಡಿಯಾಗ 100 ರೂಪಾಯಿಗೆ ಸಿಗತೈತಿ ಅಂತ ಅನ್ನಬಹುದು. ಸಿಗತೈತಿ. ಕೆಟ್ಟ ಮೇಲೆ ಅದನ್ನ ಬಿಚ್ಚಿದವರು ಕೇರಿಯಾಗ ಎಷ್ಟು ಮಂದಿ?

ಹೋದ ವರ್ಷ ದೀಪಾವಳಿ ರಜೆಯಲ್ಲಿ ಮನೆ ಅಂಗಳದಾಗ ನಾಲ್ಕು ಮಕ್ಕಳಿಗೆ ಇದನ್ನ ಮಾಡಿಸಿದೆ. ಏಳನೇ ಕ್ಲಾಸಿನ ಹುಡುಗಿ ಒಬ್ಬಳು ಎಲ್ಲಾ ಸರಿಯಾಗಿ ಜೋಡಿಸಿದಳು, ದೀಪ ಹತ್ತಲಿಲ್ಲ. ನಾನು ಸುಮ್ಮನೆ ಕೂತೆ. ಅವಳು ಶೆಲ್ಲು ತಿರುವಿ ನೋಡಿದಳು, ವೈರು ಹಿಂಡಿ ನೋಡಿದಳು, ಕೊನೆಗೆ ಎಲ್‌ಇಡಿಯ ಕಾಲು ಅದಲುಬದಲು ಮಾಡಿದಳು. ಹತ್ತಿತು. "ಮಾಮಾ, ಇದು ಒಂದ್ ಕಡಿಯಿಂದಷ್ಟ ಯಾಕ ಹತ್ತತೈತಿ? ಮೊದಲಿನ ಬಲ್ಬು ಹೆಂಗ್ ಹಾಕಿದ್ರೂ ಹತ್ತತಿತ್ತಲ್ಲ?" ಅಂದಳು. ಹೌದು, ತಂತಿ ಕಾದು ಕೆಂಪಾಗಿ ಉರಿಯೋ ಬಲ್ಬಿಗೆ ಹಿಂದುಮುಂದು ಇಲ್ಲ. ಎಲ್‌ಇಡಿಯೊಳಗಿನ ಡಿ ಅಂದ್ರ ಡಯೋಡು, ಒಂದೇ ದಿಕ್ಕಿಗೆ ತೆರೆಯೋ ಬಾಗಿಲು. ಉದ್ದ ಕಾಲು ಪ್ಲಸ್ಸಿಗೆ. ಕಣ್ಣಿಗೆ ಕಾಣೋ ಕೆಂಪು ಎಲ್‌ಇಡಿ 1962ರಲ್ಲೇ ಬಂತು, ನೀಲಿ ಬೆಳಕಿನ ಒಳ್ಳೇ ಎಲ್‌ಇಡಿ ಬರಾಕ ಮತ್ತೆ ಮೂವತ್ತು ವರ್ಷ ಹಿಡೀತು. ಅಕಸಾಕಿ, ಅಮಾನೊ, ನಕಮುರಾ ಅನ್ನೋ ಮೂವರಿಗೆ ಅದಕ್ಕಾಗಿ 2014ರಲ್ಲಿ ನೊಬೆಲ್ ಕೊಟ್ಟರು. ನಮ್ಮ ಬಿಳಿ ಎಲ್‌ಇಡಿ ಅಂದ್ರ ಆ ನೀಲಿ ಎಲ್‌ಇಡಿ ಮೇಲೆ ಹಳದಿ ಪುಡಿ ಬಳಿದದ್ದು. ಆ ಹುಡುಗಿಗೆ ಇದನ್ನೆಲ್ಲಾ ಹೇಳಿದೆ, ಬಾಯಿ ತೆರೆದು ಕೇಳಿದಳು.

ಅಷ್ಟರಲ್ಲಿ ಅವರವ್ವ ಬಂದಳು. ಮಗಳ ಕೈಯಾಗ ವೈರು ನೋಡಿದ ಕೂಡಲೇ, "ಏ, ಮುಟ್ಟಬ್ಯಾಡ, ಕರೆಂಟ್ ಹೊಡಿತೈತಿ, ಬಿಡು" ಅಂತ ಕೂಗಿದಳು. ನಾಲ್ಕೂವರೆ ವೋಲ್ಟು ಒಣ ಕೈಗೆ ಏನೂ ಮಾಡೋದಿಲ್ಲ ಅಂತ ನಾನೇ ಎರಡೂ ತುದಿ ಹಿಡಿದು ತೋರಿಸಬೇಕಾಯ್ತು. ಆ ತಾಯಿ ಹೆದರಿದ್ದು ತಪ್ಪಲ್ಲ, ಗೋಡೆಯೊಳಗಿನ 230 ವೋಲ್ಟು ಕೊಲ್ಲತೈತಿ. ಆದರೆ ಎರಡರ ನಡುವಿನ ವ್ಯತ್ಯಾಸ ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಮುಟ್ಟಬ್ಯಾಡ ಅನ್ನೋ ಒಂದೇ ಮಾತು ಹೇಳಿಕೊಟ್ಟಾರ. ಆ ಮಾತನ್ನ ನಮ್ಮ ಜನಕ್ಕ ಯಾರು, ಎಷ್ಟು ತಲೆಮಾರಿನಿಂದ ಹೇಳ್ಯಾರ ಅನ್ನೋದು ಈ ಪೋಸ್ಟ್ ಓದೋರಿಗೆ ವಿವರಿಸಬೇಕಾಗಿಲ್ಲ.

ನಾನು ಹೈಸ್ಕೂಲು ಓದಿದ ಕಡೆ ವಿಜ್ಞಾನದ ಸಾಮಾನು ಒಂದು ಕಬ್ಬಿಣದ ಪೆಟ್ಟಿಗೆಯಾಗ ಇರ್ತಿದ್ದವು. ವರ್ಷಕ್ಕೊಂದು ಸಲ, ಇನ್‌ಸ್ಪೆಕ್ಟರ್ ಬರೋ ಮುಂದ, ಬೀಗ ತೆಗೀತಿದ್ದರು. ಬಲ್ಬು, ಹೋಲ್ಡರು, ವೈರು ಹೊರಗ ಬಂದಾಗ ಜೋಡಿಸಾಕ ಕರೆಯೋದು ಮುಂದಿನ ಎರಡು ಸಾಲಿನ ಹುಡುಗರನ್ನ. ಹಿಂದಿನ ಸಾಲಿನಾಗ ಕೂತವರಿಗೆ ಬರ್ತಿದ್ದ ಅಪ್ಪಣೆ ಬೇರೆ: ಮೇಜು ಒರೆಸ್ರಿ, ನೀರು ತರ್ರಿ, ಪೆಟ್ಟಿಗೆ ಎತ್ತಿ ಒಳಗ ಇಡ್ರಿ. ಪರೀಕ್ಷೆಯಾಗ ಓಮನ ನಿಯಮ ಬಾಯಿಪಾಠ ಬರೆದು ಅಂಕ ತೊಗೊಂಡೆ. ಓಮ್ ಅಂದ್ರ ಏನು ಅಂತ ಕೈಗೆ ಗೊತ್ತಾಗಿದ್ದು ಮೂವತ್ತು ದಾಟಿದ ಮೇಲೆ, ಮನೆಯ ಎಮರ್ಜೆನ್ಸಿ ಲೈಟು ಕೆಟ್ಟಾಗ. ಈಗಲೂ ಆರನೇ ತರಗತಿಯ ವಿಜ್ಞಾನದಾಗ ಶೆಲ್ಲು, ಬಲ್ಬು, ಸ್ವಿಚ್ಚಿನ ಪಾಠ ಐತಿ, ಚಿತ್ರಾನೂ ಐತಿ. ಚೆಂದ ಬಣ್ಣ ಹಚ್ತಾರ ಮಕ್ಕಳು.

ಇನ್ನು ದೀಪಕ್ಕೂ ನಮಗೂ ಇರೋ ಹಳೇ ಸಂಬಂಧ. ನಮ್ಮ ಓಣಿಯ ಹಿರಿಯರನ್ನ ಕೇಳ್ರಿ. ಗೌಡರ ಮನೆ ಮದುವೆ ಮೆರವಣಿಗೆಯಾಗ ಪೆಟ್ರೋಮ್ಯಾಕ್ಸ್ ಹೊತ್ತವರು ಯಾರು? ನಮ್ಮ ಅಜ್ಜಿ ಹೊತ್ತಾಳ. ತಲೆ ಮೇಲೆ ಸಿಂಬಿ, ಸಿಂಬಿ ಮೇಲೆ ಉರಿಯೋ ಗ್ಯಾಸಬತ್ತಿ, ನಸುಕಿನ ತನಕ ನಡಿಗೆ. ಬೆಳಕು ಮದುಮಗನ ಮುಖದ ಮೇಲೆ, ಕಾವು ಹೊತ್ತವರ ನೆತ್ತಿ ಮೇಲೆ. ಮನೆಗೆ ಬಂದರೆ ಚಿಮಣಿ ಎಣ್ಣೆಯ ಬುಡ್ಡಿ, ಅದೂ ರೇಷನ್ ಎಣ್ಣೆ ಮುಗಿಯೋ ತನಕ. ಈಗ ಪೆಟ್ರೋಮ್ಯಾಕ್ಸ್ ಹೋಗಿ ಜನರೇಟರಿನ ಬಣ್ಣದ ಲೈಟು ಬಂದಾವು, ಹೊರೋ ಕೂಲಿ ಹುಡುಗರು ಯಾವ ಓಣಿಯವರು ಅಂತ ಮುಂದಿನ ಮೆರವಣಿಗೆಯಾಗ ನಿಂತು ವಿಚಾರಿಸ್ರಿ.

ಇದು ಬರೇ ನಮ್ಮೂರಿನ ಕಥೆ ಅಲ್ಲ. ಕರ್ನಾಟಕದ ವಿದ್ಯುತ್ತಿನ ಚರಿತ್ರೆ ಹೇಳುವಾಗ ಎಲ್ಲರೂ ಹೆಮ್ಮೆಯಿಂದ ಶಿವನಸಮುದ್ರ ಅಂತಾರೆ. 1902ರಲ್ಲಿ ಕಾವೇರಿ ನೀರಿನಿಂದ ಕರೆಂಟು ಹುಟ್ಟಿಸಿ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದರು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಹಾಗಾದರೆ ಮೊದಲು ಆ ತಂತಿ ಹೋದದ್ದು ಎಲ್ಲಿಗೆ? ಕೋಲಾರದ ಚಿನ್ನದ ಗಣಿಗೆ, ಗಣಿಯ ಯಂತ್ರಗಳಿಗೆ. ಆ ಗಣಿಯ ಆಳಕ್ಕೆ ಇಳಿದು ಕಲ್ಲು ಒಡೆದವರಲ್ಲಿ ಬಹುಪಾಲು ನಮ್ಮ ಜನ, ತಮಿಳು ಸೀಮೆಯಿಂದ ಬಂದ ಅಸ್ಪೃಶ್ಯರು. ಬೆಳಕಿನ ಚರಿತ್ರೆಯಲ್ಲಿ ದಿವಾನರ ಹೆಸರು, ಇಂಜಿನಿಯರ್ ಹೆಸರು ಎಲ್ಲಾ ಅದಾವು.

ಕರೆಂಟಿಗೆ ಜಾತಿ ಇಲ್ಲ ಅಂತ ಭಾಷಣದಾಗ ಹೇಳ್ತಾರ. ಇರಲಿಕ್ಕಿಲ್ಲ, ಆದರೆ ತಂತಿಗೆ ಐತಿ. ನಾನು ಸಂಘಟನೆ ಕೆಲಸಕ್ಕೆ ಓಡಾಡಿದ ಊರುಗಳಲ್ಲಿ ಒಂದು ಆಟ ಆಡ್ತೀನಿ: ಟ್ರಾನ್ಸ್‌ಫಾರ್ಮರ್ ಎಲ್ಲೈತಿ ಅಂತ ನೋಡಿ, ಅಲ್ಲಿಂದ ಕಂಬ ಎಣಿಸಿಕೊಂತ ನಡೆಯೋದು. ಕಂಬಗಳು ಮುಗಿಯೋ ಕಡೆ ನಮ್ಮ ಕೇರಿ ಇರ್ತೈತಿ. ತಂತಿ ಉದ್ದ ಆದಷ್ಟೂ ಅದರ ತಡೆ ಹೆಚ್ಚು, ದಾರಿಯಲ್ಲಿ ಎಳೆದುಕೊಳ್ಳೋರು ಹೆಚ್ಚಾದಷ್ಟೂ ಕೊನೆಯ ಕಂಬಕ್ಕೆ ವೋಲ್ಟೇಜು ಕಡಿಮೆ. ಸಂಜೆ ಏಳಕ್ಕೆ ಊರೊಳಗ ಮಿಕ್ಸರ್ ತಿರುಗೋ ಹೊತ್ತಿಗೆ ಕೇರಿಯ ಫ್ಯಾನು ತಿರುಗೋದಿಲ್ಲ. ಇದನ್ನ ಹಣೆಬರಹ ಅಂತ ತಿಳಿದವರು ಅದಾರ. ಲೈನ್‌ಮನ್ ಸಿಟ್ಟಿನಿಂದ ಕಡಿಮೆ ಬಿಡ್ತಾನ ಅಂತ ತಿಳಿದವರೂ ಅದಾರ. ಎರಡೂ ಅಲ್ಲ. 100 ಓಮಿನ ರೆಸಿಸ್ಟರ್ ನಮ್ಮ ದೀಪದಾಗ ಮಾಡೋ ಕೆಲಸವನ್ನೇ ಅರ್ಧ ಮೈಲಿ ತಂತಿ ನಮ್ಮ ಕೇರಿಗೆ ಮಾಡತೈತಿ. ಇದು ಗೊತ್ತಾದವನು ಅರ್ಜಿಯಾಗ "ಕರೆಂಟ್ ಸರಿ ಬರ್ತಿಲ್ಲ, ದಯವಿಟ್ಟು" ಅಂತ ಬರೆಯೋದಿಲ್ಲ. "ಟ್ರಾನ್ಸ್‌ಫಾರ್ಮರಿನಿಂದ ಕೊನೆಯ ಕಂಬಕ್ಕೆ ಇಷ್ಟು ಮೀಟರ್, ಸಂಜೆ ಏಳಕ್ಕೆ ಅಳೆದ ವೋಲ್ಟೇಜು ಇಷ್ಟು, ಕೇರಿಗೆ ಬೇರೆ ಟ್ರಾನ್ಸ್‌ಫಾರ್ಮರ್ ಹಾಕಿ" ಅಂತ ಬರೀತಾನ. ಅಳೆಯೋ ಮಲ್ಟಿಮೀಟರ್ 300 ರೂಪಾಯಿಗೆ ಬರತೈತಿ. ಗೋಡೆಯ ಪ್ಲಗ್ಗಿನಲ್ಲಿ ಅಳೆಯೋದು ಮಾತ್ರ ಗೊತ್ತಿದ್ದ ದೊಡ್ಡವರ ಕೆಲಸ, ಮಕ್ಕಳದಲ್ಲ.

ತಮ್ಮನ ಪ್ರಶ್ನೆಗೆ ಇದು ನನ್ನ ಮೊದಲ ಉತ್ತರ. ದೀಪ ಮಾಡೋದು ಕಲಿತ ಹುಡುಗ ಕರೆಂಟ್ ಕೇಳೋದು ಬಿಡ್ತಾನ ಅನ್ನೋದು ನಿನ್ನ ಭಯ. ನಾನು ಕಂಡದ್ದು ಉಲ್ಟಾ. ಕರೆಂಟು ಅಂದ್ರ ಏನು ಅಂತ ಗೊತ್ತಿಲ್ಲದವನು ಕೇಳೋದಿಲ್ಲ, ಬೇಡ್ತಾನ. ಬೇಡಿದವನಿಗೆ ಒಂದು ಬಲ್ಬು ಕೊಟ್ಟು ಕಳಿಸ್ತಾರ. ಕಳಿಸ್ಯಾರ ಕೂಡ. ಎಪ್ಪತ್ತರ ದಶಕದ ಕೊನೆಗೆ ಶುರುವಾದ ಭಾಗ್ಯಜ್ಯೋತಿ ಅಂದ್ರ ಗುಡಿಸಲಿಗೆ ಒಂದೇ ಬಲ್ಬು, ಬಹಳ ವರ್ಷ ತಿಂಗಳಿಗೆ 18 ಯೂನಿಟ್ಟು. ಎರಡನೇ ಪಾಯಿಂಟ್ ಹಾಕಿಕೊಂಡರೆ ನೀನು ಭಾಗ್ಯವಂತ ಅಲ್ಲ, ಬಿಲ್ಲು ಕಟ್ಟು. ಆ ಒಂದು ಬಲ್ಬಿನ ಕೆಳಗೆ ಓದಿ ಬಂದವರೇ ನಾವು, ಅದನ್ನ ಹಗುರ ಮಾಡೋದಿಲ್ಲ. ಆದರೆ ಯೋಜನೆ ಬರೆದವರ ಮನಸ್ಸಿನಾಗ ನಮ್ಮ ಮನೆಗೆ ಒಂದೇ ಕೋಣೆ, ಒಂದೇ ಬಲ್ಬು, ಒಂದೇ ಆಸೆ ಇತ್ತು ಅನ್ನೋದೂ ಸುಳ್ಳಲ್ಲ.

ಬಾಬಾಸಾಹೇಬರ ಕಥೆ ಹೇಳುವಾಗ ಜಯಂತಿಯ ವೇದಿಕೆ ಮೇಲೆ ತಪ್ಪದೇ ಬರೋದು ಬೀದಿ ದೀಪದ ಕೆಳಗೆ ಓದಿದರು ಅನ್ನೋ ಮಾತು. ನನಗೆ ಆ ಮಾತು ಅಷ್ಟು ಸೇರೋದಿಲ್ಲ. ಕತ್ತಲಿಗೆ ಹೊಂದಿಕೊಳ್ರಿ, ಆಗ ದೊಡ್ಡವರಾಗ್ತೀರಿ ಅಂತ ಮಕ್ಕಳಿಗೆ ಉಪದೇಶ ಮಾಡಿದಂಗ ಕೇಳತೈತಿ. ವೇದಿಕೆ ಮೇಲೆ ಯಾರೂ ಹೇಳದ ಇನ್ನೊಂದು ಕಥೆ ಐತಿ. 1942ರಿಂದ 1946ರವರೆಗೆ ಅವರು ವೈಸರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರು. ಕಾರ್ಮಿಕ ಖಾತೆ ಅಂದ್ರ ಬರೇ ಕಾರ್ಮಿಕರದ್ದಲ್ಲ, ದೇಶದ ವಿದ್ಯುತ್ತಿನ ನೀತಿಯೂ ಅವರ ಕೈಯಲ್ಲೇ ಇತ್ತು. 1943ರ ಅಕ್ಟೋಬರ್ 25ರಂದು ವಿದ್ಯುತ್ ನೀತಿ ಸಮಿತಿಯ ಅಧ್ಯಕ್ಷರಾಗಿ ಅವರು ಮಾಡಿದ ಭಾಷಣ ಐತಿ, ಹುಡುಕಿ ಓದ್ರಿ. ವಿದ್ಯುತ್ತು ಖಾಸಗಿಯವರ ಲಾಭಕ್ಕೆ ಇರಬೇಕೋ ಸರ್ಕಾರದ ಕೈಯಲ್ಲಿರಬೇಕೋ, ಬಡತನದಿಂದ ಹೊರಗೆ ಬರಾಕ ಕೈಗಾರಿಕೆ ಬೇಕು, ಕೈಗಾರಿಕೆಗೆ ವಿದ್ಯುತ್ತು ಅಗ್ಗವಾಗಿಯೂ ಹೇರಳವಾಗಿಯೂ ಸಿಗಬೇಕು ಅಂತ ಬಿಡಿಸಿ ಬಿಡಿಸಿ ಮಾತಾಡ್ಯಾರ. ಮರುವರ್ಷ ಕೇಂದ್ರ ತಾಂತ್ರಿಕ ವಿದ್ಯುತ್ ಮಂಡಳಿ ಹುಟ್ಟಿತು. ಬೀದಿ ದೀಪದ ಕೆಳಗೆ ಕೂತ ಹುಡುಗನ ಚಿತ್ರ ಎಲ್ಲಾ ಫ್ಲೆಕ್ಸಿನಲ್ಲೂ ಐತಿ. ದೇಶಕ್ಕೆ ಬೆಳಕು ಹೆಂಗ ಹಂಚಬೇಕು ಅಂತ ಲೆಕ್ಕ ಹಾಕಿದವರ ಚಿತ್ರ ಒಂದರಾಗೂ ಇಲ್ಲ. ಈ ಸಲ ಯಾರಾದರೂ ಹಾಕಿಸ್ರಪ್ಪ.

ಇನ್ನೊಬ್ಬ ಹಿರಿಯರು ಫೋನ್ ಮಾಡಿ, "ಇದು ಗಾಂಧಿಯವರ ಚರಕ ಆಗಂಗಿಲ್ಲೇನು? ಮನೆಯಾಗ ಮಾಡ್ಕೊಳ್ರಿ, ಸ್ವಾವಲಂಬಿ ಆಗ್ರಿ ಅನ್ನೋದು?" ಅಂದರು. ಇಲ್ಲ ಸರ್. ಬಾಬಾಸಾಹೇಬರು 1945ರ ಪುಸ್ತಕದಲ್ಲಿ ಗಾಂಧಿವಾದವನ್ನ ಟೀಕಿಸುವಾಗ ಯಂತ್ರದ ಪರ ನಿಂತವರು. ಯಂತ್ರ ಮನುಷ್ಯನಿಗೆ ಬಿಡುವು ಕೊಡತೈತಿ, ಬಿಡುವು ಇಲ್ಲದೆ ಓದೂ ಇಲ್ಲ, ಸಂಸ್ಕೃತಿಯೂ ಇಲ್ಲ ಅನ್ನೋದು ಅವರ ವಾದದ ತಿರುಳು. ಕೇರಿ ಮಂದಿ ಎಲ್‌ಇಡಿ ಬೆಸೆದು ಹೊಟ್ಟೆ ಹೊರೀಬೇಕು ಅಂತ ನಾನು ಹೇಳ್ತಿಲ್ಲ. ಗೃಹ ಕೈಗಾರಿಕೆ ಮಾಡೋ ಆಸೆ ನನಗಿಲ್ಲ. ನಮ್ಮ ಮಕ್ಕಳು ಐಟಿಐ ಎಲೆಕ್ಟ್ರಿಷಿಯನ್ ಸೀಟಿಗೆ ಹೆದರದೆ ಹೋಗಬೇಕು, ಡಿಪ್ಲೊಮಾ ಇಂಟರ್‌ವ್ಯೂನಾಗ ಮೀಟರ್ ಹಿಡಿಯಾಕ ಕೈ ನಡುಗಬಾರದು. ಗುತ್ತಿಗೆ ಗ್ಯಾಂಗಿನಾಗ ಕಂಬ ಹತ್ತೋ ಹುಡುಗರಾಗ ನಮ್ಮವರು ಅದಾರ. ಲೈನು ಬಂದ್ ಆಗೈತೋ ಇಲ್ಲೋ ಅಂತ ತಾವೇ ಟೆಸ್ಟ್ ಮಾಡಿ ನೋಡದೆ ಹತ್ತಂಗಿಲ್ಲ ಅನ್ನೋ ಧೈರ್ಯ ಅವರಿಗೆ ಇರಬೇಕು. ಆ ಧೈರ್ಯ ಎಲ್ಲಿಂದ ಬರಬೇಕು? ಹನ್ನೆರಡನೇ ವಯಸ್ಸಿಗೆ ಕೈಯಾಗ ವೈರು ಹಿಡಿದಿದ್ದರೆ ಅಲ್ಲಿಂದ.

ಈಗ ಸರ್ಕಾರದ ಕಾಲರ್ ವಿಷಯ. ಅದನ್ನ ನಾನು ಬಿಟ್ಟಿಲ್ಲ, ಬಿಡೋದೂ ಇಲ್ಲ. 2023ರಿಂದ ಗೃಹಜ್ಯೋತಿ ಬಂದೈತಿ, 200 ಯೂನಿಟ್ ತನಕ ಉಚಿತ. ಒಳ್ಳೆಯದು, ನಮ್ಮ ಮನೆಗಳಿಗೂ ಬಂದೈತಿ. ಆದರೆ 2023-24ರಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿಯ ಸುಮಾರು 34 ಸಾವಿರ ಕೋಟಿಯಲ್ಲಿ 11 ಸಾವಿರ ಕೋಟಿಗೂ ಹೆಚ್ಚು ಗ್ಯಾರಂಟಿಗಳಿಗೆ ಹೋಯ್ತು. ಎಲ್ಲರಿಗೂ ಕೊಡೋದನ್ನ ನಮಗೂ ಕೊಟ್ಟು, ಅದರ ಲೆಕ್ಕವನ್ನ ನಮ್ಮ ಪಾಲಿನ ದುಡ್ಡಿನಾಗ ಬರೆಯೋದು ಯಾವ ನ್ಯಾಯ? 2013ರ ಕಾಯ್ದೆ ಬಂದದ್ದೇ ನಮ್ಮ ಪಾಲು ಬೇರೆಡೆ ಹರಿಯಬಾರದು ಅಂತ. ಕೊನೆಯ ಕಂಬದಿಂದ ಆಚೆ ಇರೋ ಕೇರಿಗೆ ಟ್ರಾನ್ಸ್‌ಫಾರ್ಮರು, ಬೀದಿ ದೀಪ, ಓದೋ ಮನೆ, ಇವೇ ಆ ದುಡ್ಡಿನ ಕೆಲಸ.

ಇನ್ನು ಗೃಹಜ್ಯೋತಿ ಸಿಗೋದು ಮೀಟರ್ ಇದ್ದವರಿಗೆ. ಹೊಳೀ ದಂಡಿ, ಗಾಂವಠಾಣ, ಗೋಮಾಳ ಅಂತ ದಾಖಲೆ ಇಲ್ಲದ ಜಾಗದಾಗ ಗುಡಿಸಲು ಹಾಕ್ಕೊಂಡವರು ಏನು ಮಾಡಬೇಕು? ಅವರು ಅರ್ಜಿ ಕೊಟ್ಟರೆ ಹಕ್ಕುಪತ್ರ ತಾ ಅಂತ ವಾಪಸ್ ಕಳಿಸ್ತಾರ. ಬಂಧುಗಳೇ, ಇದನ್ನ ಬರೆದಿಟ್ಕೊಳ್ರಿ. 2003ರ ವಿದ್ಯುತ್ ಕಾಯ್ದೆಯ 43ನೇ ಸೆಕ್ಷನ್ ಮಾಲೀಕ ಅಂತ ಮಾತ್ರ ಹೇಳೋದಿಲ್ಲ, ಮಾಲೀಕ ಅಥವಾ ಅಲ್ಲಿ ವಾಸ ಇರುವವ ಅಂತ ಹೇಳತೈತಿ. ಅರ್ಜಿ ಬಂದ ಒಂದು ತಿಂಗಳಿನಾಗ ಸರಬರಾಜು ಕೊಡಬೇಕು ಅಂತೈತಿ. 2024ರಲ್ಲಿ ತಿದ್ದುಪಡಿ ಆದ ಗ್ರಾಹಕರ ಹಕ್ಕುಗಳ ನಿಯಮದಾಗ ಹಳ್ಳಿಗೆ ಅದು 15 ದಿನ. ಕೊಡದಿದ್ದರೆ 42ನೇ ಸೆಕ್ಷನ್ನಿನಡಿ ಗ್ರಾಹಕರ ಕುಂದುಕೊರತೆ ವೇದಿಕೆಗೆ ಹೋಗಬಹುದು. ಕಚೇರಿಯಾಗ ಟಪಾಲು ತೊಗೊಳ್ಳೋ ಗುಮಾಸ್ತ ನಾನು, ಅದಕ್ಕೆ ಒಂದು ಮಾತು ಹೆಚ್ಚಿಗೆ ಹೇಳ್ತೀನಿ: ಬಾಯಿಮಾತಿನ "ಆತು, ಮಾಡೋಣು"ಗೆ ಬೆಲೆ ಇಲ್ಲ. ಎರಡು ಪ್ರತಿ ಒಯ್ರಿ, ಒಂದರ ಮೇಲೆ ದಿನಾಂಕ ಸಮೇತ ಸ್ವೀಕೃತಿ ಮುದ್ರೆ ಹಾಕಿಸ್ಕೊಳ್ರಿ. ಮುದ್ರೆ ಹಾಕೋದಿಲ್ಲ ಅಂದ್ರ ಸ್ಪೀಡ್ ಪೋಸ್ಟ್ ಮಾಡ್ರಿ. ಆ 15 ದಿನದ ಲೆಕ್ಕ ಶುರುವಾಗೋದು ಆ ಮುದ್ರೆಯಿಂದ.

ಆ 15 ದಿನ ಹದಿನೈದು ತಿಂಗಳಾಗತೈತಿ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಅಲ್ಲಿತನಕ ಹತ್ತನೇ ಕ್ಲಾಸಿನ ಹುಡುಗಿ ಎಲ್ಲಿ ಓದಬೇಕು? ಕೊಕ್ಕೆ ಹಾಕಿ ಲೈನಿನಿಂದ ಕರೆಂಟ್ ಎಳೆದರೆ 135ನೇ ಸೆಕ್ಷನ್ನು, ಕಳ್ಳತನದ ಕೇಸು. ಹಸಿ ಕೋಲಿನಾಗ ಕೊಕ್ಕೆ ಸಿಕ್ಕಿಸಿದರೆ ಕೇಸು ಹಾಕಿಸ್ಕೊಳ್ಳಾಕೂ ಮನುಷ್ಯ ಉಳಿಯೋದಿಲ್ಲ. ಬೇಸಿಗೆಯ ಸಂಜೆ ಗಾಳಿ ಎದ್ದು ಮಳಿ ಹನಿ ಬಿತ್ತಂದ್ರ ಮೀಟರ್ ಇದ್ದ ಮನೆಗೂ ಕರೆಂಟ್ ಇರೋದಿಲ್ಲ, ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬರೋದೂ ಅದೇ ದಿನಗಳಿಗೆ. ರಾತ್ರಿ ತ್ರೀ ಫೇಸ್ ಕೊಟ್ಟಾಗ ಯಾರದೋ ಗೋವಿನಜೋಳಕ್ಕ ನೀರು ಹಾಯಿಸಾಕ ಬದುವಿನ ಮೇಲೆ ಬರಿಗಾಲಿನಾಗ ಹೋಗೋ ಕೂಲಿಯವನ ಕೈಯಾಗ ಏನಿರ್ತೈತಿ? ಮೊಬೈಲಿನ ಲೈಟು, ಅದೂ ಚಾರ್ಜ್ ಇದ್ದರೆ. 2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನ ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ವರದಿ ಮಾಡೋದು ಕಡಿದ ಮೇಲೆ. ಶೌಚಾಲಯ ಕಾಗದದ ಮೇಲೆ ಮಾತ್ರ ಇರೋ ಕಡೆ ಹೆಣ್ಣುಮಕ್ಕಳು ಕತ್ತಲಾಗ ಹೊರಗ ಹೋಗೋದರ ಬಗ್ಗೆ ನಾನು ಬರೆಯೋದಕ್ಕಿಂತ ಅವರೇ ಬರೆದರೆ ಸರಿ.

ದೊಡ್ಡ ಹುಡುಗರಿಗೆ, ಪಿಯುಸಿ, ಐಟಿಐ ಹೋಗೋರಿಗೆ ಶಿಬಿರದಾಗ ಇನ್ನೊಂದು ದೀಪ ಮಾಡಿಸೋ ಮನಸ್ಸೈತಿ. ಕಂಪ್ಯೂಟರಿನ ಯುಪಿಎಸ್‌ಗೆ ಹಾಕಿ ಬದಲಿಸಿದ 12 ವೋಲ್ಟಿನ, 7 ಆಂಪಿಯರ್ ಅವರ್ ಬ್ಯಾಟರಿಗಳು ಗುಜರಿಗೆ ಹೋಗ್ತಾವು. ಯುಪಿಎಸ್‌ಗೆ ಕೆಲಸಕ್ಕ ಬಾರದ್ದು ಎಲ್‌ಇಡಿಗೆ ಇನ್ನೂ ಒಂದೆರಡು ವರ್ಷ ಸಾಕು, ಯಾಕಂದ್ರ ಎಲ್‌ಇಡಿ ಉಣ್ಣೋದು ಕಡಿಮೆ. 12 ವೋಲ್ಟಿನ ಎಲ್‌ಇಡಿ ಪಟ್ಟಿ ಸಿಗತೈತಿ, ಮೂರು ಮೂರು ಎಲ್‌ಇಡಿಗೊಂದು ಗುರುತು ಇರ್ತೈತಿ, ಅಲ್ಲಿ ಕತ್ತರಿಸಬಹುದು. ರೆಸಿಸ್ಟರ್ ಅದರೊಳಗೇ ಇರ್ತೈತಿ. ಸಾದಾ ಪಟ್ಟಿ ಒಂದು ಅಡಿ ಅಂದ್ರ ಒಂದೂವರೆ ವ್ಯಾಟು. ಹೊಸ ಬ್ಯಾಟರಿಯಾಗ 84 ವ್ಯಾಟ್ ಅವರ್ ಇರ್ತೈತಿ, ಹಳೇದರಾಗ ಅರ್ಧ ಉಳಿದೈತಿ ಅಂತ ತಿಳ್ಕೊಂಡರೂ ಇಪ್ಪತ್ತೈದು ತಾಸು ಬೆಳಕು. ಒಂದು ಕೋಣೆ ತುಂಬ ಬೆಳಕು, ಓದೋ ಬೆಳಕು.

ಇದರಾಗ ಹಟ ಮಾಡಿ ಹೇಳೋದು ಮೂರು ಮಾತು. ಪ್ಲಸ್ ವೈರಿನಾಗ ಬ್ಯಾಟರಿ ಪಕ್ಕದಲ್ಲೇ ಒಂದು ಆಂಪಿಯರಿನ ಫ್ಯೂಸ್ ಇರಲೇಬೇಕು. ವೋಲ್ಟು ಕಡಿಮೆ ಅಂತ ಸಸಾರ ಮಾಡಬ್ಯಾಡ್ರಿ, ಎರಡು ತುದಿ ಕೂಡಿದರೆ ವೈರು ಕೆಂಪಗಾಗಿ ಹೊದಿಕೆ ಹತ್ತಿಕೊಳ್ಳತೈತಿ. ಹೆಂಗ ಬೇಕಾದ್ರ ಹಂಗ ಚಾರ್ಜ್ ಮಾಡೋದಲ್ಲ, ಆ ಬ್ಯಾಟರಿಗೆ ಸರಿಯಾದ ಚಾರ್ಜರ್ ಬೇಕು, ಗಾಳಿ ಆಡೋ ಜಾಗ ಬೇಕು. ಮತ್ತ, ಸತ್ತ ಲ್ಯಾಪ್‌ಟಾಪ್, ಉಬ್ಬಿದ ಮೊಬೈಲ್ ಬ್ಯಾಟರಿ ಬಿಚ್ಚಿ ಒಳಗಿನ ಲಿಥಿಯಂ ಸೆಲ್ ತೆಗೆಯೋ ವಿಡಿಯೋ ನೋಡಿ ಹುರುಪಾಗಬ್ಯಾಡ್ರಿ. ಅದು ಹೊತ್ತಿದರೆ ನೀರು ಹಾಕಿದರೂ ಲಗೂನ ಆರೋದಿಲ್ಲ. ಶಿಬಿರಕ್ಕೆ ಲಿಥಿಯಂ ತರೋದೇ ಇಲ್ಲ.

ನಮ್ಮ ಹೊಳೀ ಮ್ಯಾಲಿನ ಹರಿಹರದಲ್ಲಿ ಹುಟ್ಟಿದ ಪ್ರೊಫೆಸರ್ ಬಿ. ಕೃಷ್ಣಪ್ಪನವರು ಕಟ್ಟಿದ ದಲಿತ ಸಂಘರ್ಷ ಸಮಿತಿಯಲ್ಲಿ ಅಧ್ಯಯನ ಶಿಬಿರ ಅನ್ನೋದು ಹೋರಾಟದಿಂದ ಬೇರೆ ಆಗಿರಲಿಲ್ಲ. ಹಗಲು ಚರ್ಚೆ, ರಾತ್ರಿ ಹಾಡು, ಮರುದಿನ ಭೂಮಿಗೆ ಧರಣಿ. ಕಾನೂನು ಓದೋದನ್ನ, ಅರ್ಜಿ ಬರೆಯೋದನ್ನ, ಮೈಕ್ ಹಿಡಿಯೋದನ್ನ ನಮ್ಮ ಅಣ್ಣಂದಿರು ಅಲ್ಲಿ ಕಲಿತರು. ಆವಾಗ "ಚಳವಳಿ ಬಿಟ್ಟು ವ್ಯಾಕರಣ ಕಲಿಸ್ತೀರೇನು" ಅಂತ ಯಾರೂ ಕೇಳಲಿಲ್ಲ. ಮೈಕಿನ ಜೊತೆಗೆ ಮೈಕಿನ ಒಳಗಿನ ವೈರೂ ನಮ್ಮ ಹುಡುಗರಿಗೆ ಗೊತ್ತಿರಲಿ ಅನ್ನೋದಷ್ಟೇ ನನ್ನ ವಾದ. ಹೋದ ವರ್ಷ ಜಯಂತಿ ಸಭೆ ನಡುವೆ ಮೈಕ್ ಕೆಟ್ಟು ಮುಕ್ಕಾಲು ತಾಸು ಅಂಗಡಿಯವನನ್ನ ಕಾದದ್ದು ನೆನಪಿರಬೇಕು.

ಡಿಜೆ ಬ್ಯಾಡ ಅಂತ ನಾನು ಹೇಳಿಲ್ಲ. ಮಕ್ಕಳು ಕುಣೀಲಿ, ವರ್ಷಕ್ಕೊಂದು ದಿನ ಊರ ನಡುವಿನ ರಸ್ತೆಯಾಗ ನಮ್ಮ ಸದ್ದು ಕೇಳೋದಕ್ಕೂ ಒಂದು ಅರ್ಥ ಐತಿ, ಅದು ಗೊತ್ತಿಲ್ಲದವರು ನಮಗೆ ಸರಳ ಆಚರಣೆಯ ಪಾಠ ಹೇಳೋದು ಬ್ಯಾಡ. ನಾನು ಕೇಳ್ತಿರೋದು 35 ಸಾವಿರದಾಗ ಎರಡೂವರೆ ಸಾವಿರ. ಸೀರಿಯಲ್ ಸೆಟ್ಟಿನ ಬಾಡಿಗೆಯಾಗ ಒಂದು ಕಂಬದ್ದು ಕಡಿಮೆ ಮಾಡಿದರೂ ಆಗತೈತಿ.

ಏಪ್ರಿಲ್ 14ಕ್ಕೆ ಮುಂಚಿನ ಭಾನುವಾರ, ಬೆಳಗ್ಗೆ ಹತ್ತರಿಂದ ಒಂದೂವರೆ, ನಮ್ಮ ಕೇರಿಯ ಸಮುದಾಯ ಭವನದಾಗ. ಐದನೇ ಕ್ಲಾಸಿನಿಂದ ಮೇಲಿನ ಮಕ್ಕಳು, ಹೆಣ್ಣುಮಕ್ಕಳ ಹೆಸರು ಮೊದಲು ಬರ್ಕೊಳ್ತೀವಿ. ಬೇರೆ ಓಣಿಯ ಮಕ್ಕಳೂ ಬರಬಹುದು, ನೆಲದ ಮೇಲೆ ಎಲ್ಲರೂ ಒಂದೇ ಸಾಲಿನಾಗ ಕೂರಬೇಕು ಅಷ್ಟೇ. ಸೋಲ್ಡರಿಂಗ್ ಕಡ್ಡಿ ನಾಲ್ಕು ಅದಾವು, ಇನ್ನೂ ಎರಡು ಬೇಕು. ಬೆಸೆಯೋ ಕೆಲಸ ಬರೋ ಟಿವಿ ರಿಪೇರಿಯವರು, ಐಟಿಐ ಮುಗಿಸಿದವರು ಇದ್ದರೆ ಕಮೆಂಟಿನಾಗ ಹೇಳ್ರಿ. ಮನೆಯಾಗ ಹತ್ತದೇ ಇರೋ ಎಮರ್ಜೆನ್ಸಿ ಲೈಟು, ಹಳೇ ಬ್ಯಾಟರಿ, ಮುರಿದ ರಿಮೋಟು ಇದ್ದರೆ ಗುಜರಿಗೆ ಹಾಕಬ್ಯಾಡ್ರಿ, ಚೀಲದಾಗ ಹಾಕ್ಕೊಂಡು ಬರ್ರಿ. ಮೊದಲ ಅರ್ಧ ತಾಸು ಅವನ್ನ ಬಿಚ್ಚೋದೇ ಕೆಲಸ. ಸ್ವಿಚ್ಚು, ಸ್ಪ್ರಿಂಗು ಅದರಾಗೇ ಸಿಗತಾವು.

ಪ್ರಶ್ನೆ ಕೇಳಿದ ತಮ್ಮ, ನೀನೂ ಬಾ. ಮಲ್ಟಿಮೀಟರ್ ನಿನ್ನ ಕೈಗೆ ಕೊಡ್ತೀನಿ. ಸಂಜೆ ಏಳಕ್ಕೆ ಕೊನೆಯ ಕಂಬದ ಪಕ್ಕದ ಮನೆಯಾಗ ವೋಲ್ಟೇಜು ಅಳೆದು ಅರ್ಜಿ ಬರೆಯೋಣ, ಸೋಮವಾರ ಮುದ್ರೆ ಹಾಕಿಸೋಣ.

ಜೈ ಭೀಮ್.